ಕರಾರಿನಲ್ಲಿ ‘ಅಗತ್ಯಕ್ಕೆ ತಕ್ಕಷ್ಟು’ ಅಂತ ಬರೆದಾಗ

ನಗರಸಭೆ, ಪುರಸಭೆಗಳಿಗೆ ಒಳಚರಂಡಿ ಯೋಜನೆಯ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಮಾಡಿಕೊಡುವ ಕನ್ಸಲ್ಟೆನ್ಸಿಗಳಲ್ಲಿ ನಾನು 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೊದಲ ಐದಾರು ವರ್ಷ ಕರಾರು ಪತ್ರವನ್ನು ಪೂರ್ತಿ ಓದಿದವಳೇ ಅಲ್ಲ. ಡಿಸೈನ್ ನನ್ನದು, ಕರಾರು ಆಫೀಸಿನವರದು ಅಂದುಕೊಂಡಿದ್ದೆ. ಆ ನಂಬಿಕೆಯನ್ನು ಒಂದು ಊರು ಬಿಡಿಸಿತು. ಊರಿನ ಹೆಸರು ಬೇಡ, ಆಗ ನಾನಿದ್ದ ಕಂಪನಿಯ ಹೆಸರೂ ಬೇಡ.

ಜನಸಂಖ್ಯೆ ಸುಮಾರು 60 ಸಾವಿರ. ಲೆಕ್ಕ ನಮಗೆಲ್ಲ ಬಾಯಿಪಾಠ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡಾ 80 ಚರಂಡಿಗೆ. ಅಂದರೆ ದಿನಕ್ಕೆ ಸುಮಾರು 65 ಲಕ್ಷ ಲೀಟರ್ ಕೊಳಚೆ ನೀರು. ಮುಂದಿನ 30 ವರ್ಷಕ್ಕೆ ಜನ ಎಷ್ಟಾಗಬಹುದು ಅಂತ ನೋಡಿ ಪೈಪಿನ ಅಳತೆ ಹಾಕಬೇಕು. ಪೈಪಿನೊಳಗೆ ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಹರಿಯಬೇಕು, ಇಲ್ಲದಿದ್ದರೆ ಹೂಳು ಕೂರುತ್ತದೆ. ಆ ವೇಗ ಬರಬೇಕಾದರೆ ಇಳಿಜಾರು ಬೇಕು. ಊರು ಸಮತಟ್ಟಾಗಿದ್ದರೆ ಪೈಪ್ ಮುಂದೆ ಹೋದಂತೆ ನೆಲದೊಳಗೆ ಇಳಿಯುತ್ತಾ ಹೋಗುತ್ತದೆ. ನಮ್ಮ ಮುಖ್ಯ ಲೈನ್ ಹಳೇ ಪೇಟೆಯ ಹತ್ತಿರ ಬರುವಷ್ಟರಲ್ಲಿ 5 ಮೀಟರ್ ಆಳಕ್ಕೆ ಇಳಿದಿತ್ತು.

5 ಮೀಟರ್ ಕೆಳಗೆ ಏನಿದೆ ಅನ್ನುವುದೇ ಮುಖ್ಯ. ಮಣ್ಣಿದ್ದರೆ ಜೆಸಿಬಿ ಸಾಕು. ಕಪ್ಪು ಕಲ್ಲಿದ್ದರೆ ಖರ್ಚು ಹಲವು ಪಟ್ಟು ಆಗುತ್ತದೆ.

ಕರಾರಿನಲ್ಲಿ ಇದರ ಬಗ್ಗೆ ಇದ್ದದ್ದು ಒಂದೇ ಸಾಲು. ‘ಅಗತ್ಯಕ್ಕೆ ತಕ್ಕಷ್ಟು ಮಣ್ಣು ಪರೀಕ್ಷೆ ಮಾಡತಕ್ಕದ್ದು.’ ಫೀ ಇಡೀ ಕೆಲಸಕ್ಕೆ ಒಂದೇ ಒಟ್ಟು ಮೊತ್ತ. ಟೆಂಡರ್ ಸಿಕ್ಕಿದ್ದು ಎಲ್ಲರಿಗಿಂತ ಕಡಿಮೆ ಬರೆದಿದ್ದಕ್ಕೆ. ನೆಲದೊಳಗೆ ಮಣ್ಣಿದೆಯೋ ಕಲ್ಲಿದೆಯೋ ಅಂತ ನೋಡಲು ಬೋರ್ ಕೊರೆಯುವ ಏಜೆನ್ಸಿ ಮೀಟರ್ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ, ಅದು ನಮ್ಮ ಫೀಯಿಂದಲೇ ಹೋಗಬೇಕು. ಹಾಗಾಗಿ ಬೋರ್ ಬಿಟ್ಟು ಗುಂಡಿ ತೋಡಿಸಿದೆವು. ಒಟ್ಟು 9 ಗುಂಡಿ, ಒಂದೊಂದೂ ಒಂದೂವರೆ ಮೀಟರ್ ಆಳ. ಶಾಲೆ ಮೈದಾನ, ಖಾಲಿ ಸೈಟು, ಬಸ್ ನಿಲ್ದಾಣದ ಹಿಂದೆ. ಯಾರೂ ಅಡ್ಡ ಬರದ ಜಾಗಗಳಲ್ಲಿ. ಹಳೇ ಪೇಟೆಯ ಓಣಿಗಳಲ್ಲಿ ಒಂದೂ ಇಲ್ಲ. ಎಸ್ಟಿಮೇಟಿನಲ್ಲಿ ಕಲ್ಲು ಇಷ್ಟು, ಮಣ್ಣು ಇಷ್ಟು ಅಂತ ಬರೆದದ್ದು ಅಂದಾಜಿನ ಮೇಲೆ. ಬರೆದವಳು ನಾನೇ.

ಎರಡು ವರ್ಷದ ನಂತರ ಕೆಲಸ ಶುರುವಾಯಿತು. ಹಳೇ ಪೇಟೆಯಲ್ಲಿ 2 ಮೀಟರಿಗೆ ಗಟ್ಟಿ ಕಲ್ಲು. ಎರಡೂ ಕಡೆ ಮಣ್ಣಿನ ಗೋಡೆಯ ಮನೆಗಳು, ಸಿಡಿಮದ್ದು ಇಡುವ ಹಾಗಿಲ್ಲ. ಕಲ್ಲು ಒಡೆಯುವ ಯಂತ್ರ, ಬ್ರೇಕರ್, ಹಾಕಿ ಒಂದೊಂದು ಅಡಿ ಒಡೆಯಬೇಕು. ಗುತ್ತಿಗೆದಾರ ಹೆಚ್ಚುವರಿ ದರ ಕೇಳಿ ಕೆಲಸ ನಿಲ್ಲಿಸಿದ. ಫೈಲ್ ಮೇಲೆ ಕೆಳಗೆ ಓಡಾಡಿತು. ಮಳೆಗಾಲ ಬಂತು. ನಾನು ನೋಡಲು ಹೋದ ದಿನ ಓಣಿಯ ತುಂಬ ಕಂದಕ, ಅದರಲ್ಲಿ ಕೆಂಪು ನೀರು. ಮಕ್ಕಳು ಹಲಗೆಯ ಮೇಲೆ ಕೈ ಚಾಚಿಕೊಂಡು ದಾಟಿ ಶಾಲೆಗೆ ಹೋಗುತ್ತಿದ್ದರು. ಆ ಹಲಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಸಭೆಯಲ್ಲಿ ನಗರಸಭೆಯ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ನನ್ನನ್ನೇ ಕೇಳಿದರು. “ನೋಡಮ್ಮಾ, ನಾವು ಅಗತ್ಯಕ್ಕೆ ತಕ್ಕಷ್ಟು ಅಂತ ಬರೆದಿದ್ವಿ. ನೀವು ಒಂಬತ್ತು ಗುಂಡಿ ತೋಡಿದ್ರಿ. ಅಗತ್ಯ ಇದ್ದದ್ದು ಅಷ್ಟೇನಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮ್ಯಾನೇಜರ್ ಹೇಳಿದರು, “ಸರ್, ಆ ಫೀಗೆ ಅಷ್ಟೇ ಆಗೋದು.” ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆ ಒಂದು ಮಾತನ್ನು ನಗರಸಭೆ ‘ಎಷ್ಟು ಬೇಕಾದರೂ’ ಅಂತ ಓದಿತ್ತು. ನಾವು ‘ಎಷ್ಟು ಸಾಕೋ ಅಷ್ಟು’ ಅಂತ ಓದಿದ್ದೆವು.

ಸಭೆ ಮುಗಿಸಿ ಹೊರಗೆ ಬಂದರೆ ನೀರುಗಂಟಿ ನಿಂತಿದ್ದರು. ಮೂವತ್ತು ವರ್ಷದಿಂದ ಅದೇ ಪೇಟೆಗೆ ನೀರು ಬಿಡುವವರು. “ನಲ್ಲಿ ಪೈಪ್ ಹಾಕುವಾಗಲೇ ಅಲ್ಲಿ ಕಲ್ಲು ಸಿಕ್ಕಿತ್ತು ಮೇಡಂ. ನಮ್ಮನ್ನ ಯಾರೂ ಕೇಳಲಿಲ್ಲ,” ಅಂದರು.

ಈಗ ನಾನು ಬೇರೆ ಕಂಪನಿಯಲ್ಲಿದ್ದೇನೆ. ಟೆಂಡರ್ ಕಾಗದ ಕೈಗೆ ಬಂದರೆ ಫೀ ಕಡೆ ನೋಡುವುದು ಆಮೇಲೆ. ಮೊದಲು ಕೆಲಸದ ವ್ಯಾಪ್ತಿಯ ಪುಟಗಳಲ್ಲಿ ಸಂಖ್ಯೆ ಇಲ್ಲದ ಸಾಲುಗಳನ್ನು ಹುಡುಕುತ್ತೇನೆ. ‘ಅಗತ್ಯಕ್ಕೆ ತಕ್ಕಷ್ಟು’, ‘ಇತ್ಯಾದಿ’, ‘ಇಂಜಿನಿಯರ್ ಸೂಚಿಸಿದಂತೆ’. ದರ ಬರೆಯುವ ಮೊದಲು ನಡೆಯುವ ಪ್ರೀ-ಬಿಡ್ ಸಭೆಗೆ ಮುಂಚೆ ಲಿಖಿತವಾಗಿ ಕೇಳುತ್ತೇವೆ. ಎಷ್ಟು ಬೋರ್, ಎಷ್ಟು ಆಳ, ಎಷ್ಟು ಕಿಲೋಮೀಟರ್ ಸರ್ವೆ? ಅದಕ್ಕಿಂತ ಜಾಸ್ತಿ ಬೇಕಾದರೆ ಒಂದೊಂದಕ್ಕೆ ದರ ಎಷ್ಟು? ಟೆಂಡರಿನ ತಿದ್ದುಪಡಿಯಲ್ಲಿ ಸಂಖ್ಯೆ ಬಂತು ಅಂದರೆ ಎಲ್ಲ ಕಂಪನಿಗಳೂ ಒಂದೇ ಕೆಲಸಕ್ಕೆ ದರ ಬರೆಯುತ್ತವೆ. ಆಗ ಕಡಿಮೆ ಬರೆದವರು ಯಾಕೆ ಕಡಿಮೆ ಬರೆದರು ಅಂತ ನಗರಸಭೆಗೂ ತಿಳಿಯುತ್ತದೆ, ಅಲ್ವಾ?

ನಮ್ಮ ರಾಜ್ಯದಲ್ಲಿ ಈ ಟೆಂಡರ್‌ಗಳು ನಡೆಯುವುದು 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ ಅಡಿಯಲ್ಲಿ. ಕನ್ಸಲ್ಟೆನ್ಸಿಗೆ ಬರೀ ದರ ನೋಡಬೇಡಿ, ಗುಣಮಟ್ಟಕ್ಕೂ ಅಂಕ ಕೊಡಿ ಅನ್ನುವುದು ಕ್ಯೂಸಿಬಿಎಸ್ ಪದ್ಧತಿ. ಅನುಭವ, ತಂಡ, ಕೆಲಸ ಮಾಡುವ ವಿಧಾನಕ್ಕೆ 70 ಅಥವಾ 80 ಅಂಕ, ದರಕ್ಕೆ ಉಳಿದದ್ದು. ಒಳ್ಳೆಯ ಪದ್ಧತಿಯೇ. ಆದರೆ ಗುಣಮಟ್ಟಕ್ಕೆ ಒಳ್ಳೆಯ ಅಂಕ ತಗೊಂಡ ಕಂಪನಿಯ ಮುಂದೆಯೂ ಸಂಖ್ಯೆ ಇಲ್ಲದ ಸಾಲು ಇಟ್ಟರೆ ಅದೂ ಗುಂಡಿ ಕಡಿಮೆ ಮಾಡುತ್ತದೆ. ಯೋಜನಾ ವೆಚ್ಚದ ಇಷ್ಟು ಶೇಕಡಾ ಅಂತ ಫೀ ನಿಗದಿ ಮಾಡುವುದು ನನಗೆ ಇನ್ನೂ ಸರಿ ಕಾಣುವುದಿಲ್ಲ. ವೆಚ್ಚ ಇಳಿಸುವ ಡಿಸೈನ್ ಮಾಡಿದವರ ಫೀಯೇ ಇಳಿಯುತ್ತದೆ.

ಜಿಎಸ್‌ಟಿ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಕನ್ಸಲ್ಟೆನ್ಸಿಗೆ ಸಾಮಾನ್ಯ ದರ ಶೇಕಡಾ 18. ಆದರೆ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಸಭೆಗಳಿಗೆ ವಹಿಸಿದ ಕೆಲಸಗಳಿಗಾಗಿ ನಗರಸಭೆಗೇ ಕೊಡುವ, ಸಾಮಾನು ಸೇರದ ಬರೀ ಸೇವೆಗೆ 2017ರ ಅಧಿಸೂಚನೆಯಲ್ಲಿ ವಿನಾಯಿತಿ ಇದೆ. ನೈರ್ಮಲ್ಯ ಆ ಪಟ್ಟಿಯಲ್ಲಿದೆ. ಟೆಂಡರಿನಲ್ಲಿ ಇದನ್ನು ಸ್ಪಷ್ಟ ಮಾಡದಿದ್ದರೆ ಒಬ್ಬರು ತೆರಿಗೆ ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು ಬಿಟ್ಟು ಬರೆಯುತ್ತಾರೆ. ಹೋಲಿಕೆಯೇ ತಪ್ಪುತ್ತದೆ.

ಕೊನೆಯ ಕಂತಿನ ಸಾಲನ್ನೂ ನಾನು ಬಿಡುವುದಿಲ್ಲ. ಆ ಊರಿನಲ್ಲಿ ಫೀಯ ಶೇಕಡಾ 40 ಭಾಗ ‘ಡಿಪಿಆರ್‌ಗೆ ಸರ್ಕಾರದ ಅನುಮೋದನೆ ಸಿಕ್ಕ ಮೇಲೆ’ ಅಂತ ಇತ್ತು. ಅನುಮೋದನೆ ನಮ್ಮ ಕೈಯಲ್ಲಿಲ್ಲ, ನಗರಸಭೆಯ ಕೈಯಲ್ಲೂ ಪೂರ್ತಿ ಇಲ್ಲ. ಅಷ್ಟರಲ್ಲಿ ಮೂವರು ಪೌರಾಯುಕ್ತರು ಬದಲಾದರು. ಬರುವವರೆಲ್ಲ ಡ್ರಾಯಿಂಗ್ ಬಗ್ಗೆ ಹೊಸ ಪ್ರಶ್ನೆ ಕೇಳಿದರು. ಕೇಳುವುದು ಅವರ ಹಕ್ಕು. ಆದರೆ ದುಡ್ಡು ಬಾರದ ಕೆಲಸದ ಮೇಲೆ ಕಂಪನಿ ಎಷ್ಟು ದಿನ ಇಂಜಿನಿಯರ್‌ಗಳನ್ನು ಕೂರಿಸುತ್ತದೆ? ನನ್ನನ್ನು ಬೇರೆ ಊರಿಗೆ ಹಾಕಿದರು. ಆ ಪ್ರಶ್ನೆಗಳಿಗೆ ಉತ್ತರ ಬರೆದದ್ದು ಊರನ್ನೇ ನೋಡದ ಹೊಸ ಹುಡುಗ. ಯಾರಿಗೆ ನಷ್ಟ ಆಯಿತು? ಊರಿಗೆ. ಈಗ ನಾವು ಕೇಳುವುದು ಇಷ್ಟು: ವರದಿ ಕೊಟ್ಟ 21 ದಿನದೊಳಗೆ ಲಿಖಿತ ಅಭಿಪ್ರಾಯ ಬಾರದಿದ್ದರೆ ಆ ಹಂತ ಒಪ್ಪಿದಂತೆ. ಅನುಮೋದನೆಗೆ ಕಟ್ಟಿಡುವುದು ಶೇಕಡಾ 10 ಮಾತ್ರ. ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಒಪ್ಪದ ಕಡೆ ಎರಡು ಟೆಂಡರ್ ಬಿಟ್ಟಿದ್ದೇವೆ.

ನಗರಸಭೆ ನಮಗೆ ಏನು ಕೊಡಬೇಕು ಅನ್ನುವ ಪಟ್ಟಿಗೂ ಒಂದು ಸಾಲು ಸೇರಿಸುತ್ತೇವೆ. ಹಳೆಯ ನಕ್ಷೆ, ವಾರ್ಡ್ ಗಡಿ, ಆಸ್ತಿ ತೆರಿಗೆಯ ಲೆಕ್ಕದ ಜೊತೆಗೆ, ವಾರ್ಡಿಗೆ ಒಂದು ದಿನ ನೀರುಗಂಟಿಯನ್ನು ನಮ್ಮ ಸರ್ವೆ ತಂಡದ ಜೊತೆ ಕಳಿಸಬೇಕು. ಇದನ್ನು ಕರಾರಿನಲ್ಲೇ ಬರೆಸುತ್ತೇವೆ, ಸುಮ್ನೆ ಬಾಯಿಮಾತಿನಲ್ಲಿ ಬಿಡುವುದಿಲ್ಲ. ಬರೆಯದಿದ್ದರೆ ಅವರಿಗೆ ಆ ದಿನ ಬೇರೆ ಡ್ಯೂಟಿ ಬೀಳುತ್ತದೆ.

ಹೋದ ತಿಂಗಳು ಇನ್ನೊಂದು ಊರಿನಲ್ಲಿ ಹೀಗೇ ನಡೆಯುತ್ತಿದ್ದೆವು. ಗಣಪತಿ ಗುಡಿಯ ಹಿಂದಿನ ಬೀದಿಯಲ್ಲಿ ನೀರುಗಂಟಿ ನಿಂತು ನೆಲಕ್ಕೆ ಕಾಲು ಕುಟ್ಟಿ, “ಇಲ್ಲಿ ನೋಡಿ ಮೇಡಂ,” ಅಂದರು. ನಮ್ಮ ಪಟ್ಟಿಯಲ್ಲಿ ಆ ಬೀದಿಗೆ ಬೋರ್ ಇರಲಿಲ್ಲ. ಹೆಚ್ಚುವರಿ ಬೋರಿನ ದರ ಕರಾರಿನಲ್ಲಿ ಇತ್ತು. ನಗರಸಭೆಯ ಜೆಇ (ಕಿರಿಯ ಇಂಜಿನಿಯರ್) ಅಲ್ಲೇ ನಿಂತು ಪತ್ರಕ್ಕೆ ಸಹಿ ಹಾಕಿದರು. ಮರುದಿನ ಕೊರೆಸಿದಾಗ 1.8 ಮೀಟರಿಗೆ ಕಲ್ಲು ಸಿಕ್ಕಿತು. ಲೈನನ್ನು ಪಕ್ಕದ ಬೀದಿಗೆ ತಿರುಗಿಸಿ ಡ್ರಾಯಿಂಗ್ ಬದಲಿಸಿದ್ದೇನೆ. ಎಸ್ಟಿಮೇಟ್ ಇನ್ನೂ ಬರೆಯಬೇಕು.