ಅಗಲ ಅಳೆಯದ ಕಡ್ಡಿ

ಸೈಕಲ್ಲನ್ನು ಕಂಬಿಗೆ ನೇತುಹಾಕಿ, ಹೆಲ್ಮೆಟ್ ಬಿಚ್ಚಿ, ಓಟದ ಶೂಗೆ ಎಡಗಾಲು ತೂರಿಸಿದೆ. ಪೂರ್ತಿ ಒಳಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಬಗ್ಗಿ ಕೈಯಿಂದ ಮುಟ್ಟಿ ನೋಡಿದೆ. ಕಿರುಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಮರಗಟ್ಟಿ ಹೋಗಿದ್ದವು. ಅದು ಟ್ರಯಥ್ಲಾನ್ ಪಂದ್ಯ. ಕಡಲಲ್ಲಿ 1.5 ಕಿ.ಮೀ. ಈಜಿ, 40 ಕಿ.ಮೀ. ಸೈಕಲ್ ತುಳಿದು ಬಂದಿದ್ದೆ. ಇನ್ನು 10 ಕಿ.ಮೀ. ಓಟ ಬಾಕಿ. ಮೊದಲ ಮೂರು ಕಿ.ಮೀ. ಹಲಗೆ ಕಟ್ಟಿಕೊಂಡು ಓಡಿದ ಹಾಗಿತ್ತು. ಆಮೇಲೆ ರಕ್ತ ಹರಿಯತೊಡಗಿದಾಗ ಬಂದ ಉರಿ ಇನ್ನೂ ಕೆಟ್ಟದ್ದು.

ನನಗೆ ಅಳು ಬಂದದ್ದು ನೋವಿಗಲ್ಲ. ಮೈಸೂರಿನ ಸರಸ್ವತಿಪುರಂ ಈಜುಕೊಳದಲ್ಲಿ ವರ್ಷವಿಡೀ ಬೆಳಗಿನ ಜಾವ ಎದ್ದು ಕಲಿತ ಈಜು ಅವತ್ತು ನಾನಂದುಕೊಂಡದ್ದಕ್ಕಿಂತ ಚೆನ್ನಾಗಿ ಆಗಿತ್ತು. ಸೈಕಲ್ಲೂ ಚೆನ್ನಾಗಿಯೇ ಹೋಗಿತ್ತು. ಕಾಲಲ್ಲಿ ಶಕ್ತಿ ಇತ್ತು, ಉಸಿರಿತ್ತು. ಸೈಕಲ್ ತುಳಿಯುವಾಗ ತೊಟ್ಟಿದ್ದ ಒಂದು ಜೊತೆ ಶೂ ಅದನ್ನೆಲ್ಲ ತಿಂದುಹಾಕಿತು.

ಆ ಶೂಗಳನ್ನು ನಾನು ಓದಿಕೊಂಡೇ ಕೊಂಡಿದ್ದೆ. ಟ್ರಯಥ್ಲಾನ್‌ಗೆ ಲೇಸು, ತಿರುಗಿಸಿ ಬಿಗಿಯುವ ಡಯಲ್ಲು ಬೇಡ, ಅಗಲವಾದ ಒಂದೇ ಒಂದು ವೆಲ್ಕ್ರೋ ಪಟ್ಟಿ ಇರಬೇಕು. ನೀರು ಸೋರಿಹೋಗಲು ಅಟ್ಟೆಯಲ್ಲಿ ತೂತಿರಬೇಕು. ಕಾಲುಚೀಲ ಹಾಕದೆ ತೊಡುವುದರಿಂದ ಒಳಗೆ ಹೊಲಿಗೆ ತಾಗಬಾರದು. ಹಿಮ್ಮಡಿಯ ಹತ್ತಿರ ಎಳೆದುಕೊಳ್ಳಲು ದೊಡ್ಡ ಕುಣಿಕೆ ಇರಬೇಕು. ನಾನು ಕೊಂಡದ್ದರಲ್ಲಿ ಇದೆಲ್ಲವೂ ಇತ್ತು. ಕಾಲಿನ ಉದ್ದ ಅಳೆದು, ಸೈಜುಗಳ ಕೋಷ್ಟಕ ನೋಡಿ 39ನೇ ಸೈಜ್ ತರಿಸಿದ್ದೆ. ಉದ್ದ ಸರಿಯಾಗಿಯೇ ಇತ್ತು.

ಇಲ್ಲಿ ನನ್ನ ಊರಿನ ಮಾತು ಹೇಳಬೇಕು. ಮಳವಳ್ಳಿಯ ಹತ್ತಿರದ ಹಳ್ಳಿ ನಮ್ಮದು. ಜೂನ್ ತಿಂಗಳಲ್ಲಿ ಸ್ಕೂಲು ಶುರುವಾಗುವ ಹೊತ್ತಿಗೆ ಅಪ್ಪ ಪೇಟೆಗೆ ಹೋಗಿ ನಮಗೆ ಶೂ ತರುತ್ತಿದ್ದರು. ಮೂವರು ಮಕ್ಕಳನ್ನೂ ಬಸ್ಸಿನಲ್ಲಿ ಕರೆದೊಯ್ಯುವ ಬದಲು ತೆಂಗಿನಗರಿಯ ಕಡ್ಡಿಯನ್ನು ನಮ್ಮ ಕಾಲಿನ ಪಕ್ಕ ಇಟ್ಟು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಅಳೆದು ಮುರಿದು, ಮೂರು ಕಡ್ಡಿಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಶೂ ಉದ್ದಕ್ಕೆ ಸರಿಹೋಗುತ್ತಿತ್ತು, ಪಕ್ಕಕ್ಕೆ ಹಿಡಿಯುತ್ತಿತ್ತು. ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ಓಡಾಡಿ ಬೆರಳುಗಳು ಬೀಸಣಿಗೆಯಂತೆ ಹರಡಿದ ಕಾಲು ನಮ್ಮದು. ಸೈಜುಗಳ ಕೋಷ್ಟಕ ನೋಡಿ ಶೂ ಆರ್ಡರ್ ಮಾಡಿದಾಗ ನಾನು ಮಾಡಿದ್ದೂ ಅದೇ ಕಡ್ಡಿಯ ಲೆಕ್ಕವೇ.

ಓಡುವ ಶೂ ಬಗ್ಗುತ್ತದೆ, ಹಿಗ್ಗುತ್ತದೆ, ಪ್ರತಿ ಹೆಜ್ಜೆಗೂ ಕಾಲಿಗೆ ಒಂದಿಷ್ಟು ಬಿಡುವು ಕೊಡುತ್ತದೆ. ಸೈಕಲ್ ಶೂನ ಅಟ್ಟೆ ನೈಲಾನ್ ಅಥವಾ ಕಾರ್ಬನ್‌ನದು. ತುಳಿತದ ಬಲ ವ್ಯರ್ಥವಾಗದಿರಲಿ ಎಂದೇ ಅದನ್ನು ಬಗ್ಗದಂತೆ ಮಾಡಿರುತ್ತಾರೆ. ಅದರ ಕೆಳಗಿನ ಕ್ಲೀಟ್ ಎಂಬ ಕೊಂಡಿ ಪೆಡಲ್‌ಗೆ ಕಚ್ಚಿಕೊಂಡರೆ ಕಾಲು ಅಲ್ಲೇ ಬಂದಿ. ಮಂಜಿನ ಮೇಲೆ ಜಾರುವ ಸ್ಕೀಗಳಿಗೆ ಬೂಟು ಕಚ್ಚಿಸುವ ಸಾಧನ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇಂಥ ಪೆಡಲ್ ತಂದಿತು. ಮರುವರ್ಷ ಸೈಕಲ್ ಪಟು ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ಪಂದ್ಯ ಗೆದ್ದರು. ಒಳ್ಳೆಯ ಸಾಧನವೇ. ಆದರೆ ನಿಮಿಷಕ್ಕೆ 80 ಸುತ್ತಿನಂತೆ 90 ನಿಮಿಷ ಅಂದರೆ ಒಂದೊಂದು ಕಾಲೂ 7,200 ಸಲ ಒಂದೇ ಜಾಗದಲ್ಲಿ ಒತ್ತುತ್ತದೆ. ಬಿಸಿಲಿಗೆ ಪಾದ ಊದಿಕೊಳ್ಳುತ್ತದೆ. ಅಕ್ಕಪಕ್ಕ ಜಾಗವಿಲ್ಲದಿದ್ದರೆ ಬೆರಳ ಬುಡದ ಎಲುಬುಗಳ ನಡುವಿನ ನರ ಅಮುಕಿ ಹೋಗುತ್ತದೆ. ನನ್ನ ಮೂರು ಬೆರಳಿಗೆ ಆದದ್ದು ಅದು.

ಎರಡನೆಯ ಜೊತೆಯನ್ನು ಕಣ್ಣಿಂದ ನೋಡದೆ ಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದೆ. ಒಂದು ಶುಕ್ರವಾರ ರಾತ್ರಿ ಅಡುಗೆಮನೆಯಲ್ಲಿ ರಟ್ಟು ಹಾಸಿ ಅದರ ಮೇಲೆ ನಿಂತೆ. ಕೂತರೆ ಆಗದು, ಮೈಭಾರ ಬಿದ್ದಾಗಲೇ ಪಾದ ತನ್ನ ನಿಜವಾದ ಅಗಲಕ್ಕೆ ಹರಡುವುದು. ನನ್ನ ಗಂಡ ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದರು. ಎಡಗಾಲು 24.6 ಸೆಂ.ಮೀ. ಉದ್ದ, 9.8 ಅಗಲ. ಬಲಗಾಲು 24.3 ಉದ್ದ, 9.5 ಅಗಲ. ನಲವತ್ತೊಂದು ವರ್ಷ ಒಂದೇ ಅಳತೆ ಅಂದುಕೊಂಡಿದ್ದ ಎರಡು ಕಾಲುಗಳು! ರಟ್ಟನ್ನು ಗೆರೆಯ ಮೇಲೆ ಕತ್ತರಿಸಿ ಚೀಲಕ್ಕೆ ಹಾಕಿಕೊಂಡು ಮಾರನೆಯ ದಿನ ಬೆಂಗಳೂರಿನ ರೈಲು ಹತ್ತಿದೆ. ಅಂಗಡಿಗೆ ಹೋದದ್ದು ಸಂಜೆ, ಬೇಕೆಂದೇ. ದಿನವೆಲ್ಲ ನಡೆದಾಡಿದ ಮೇಲೆ ಪಾದ ದೊಡ್ಡದಾಗಿರುತ್ತದೆ, ಸೈಕಲ್ ಮೇಲೆ ಒಂದು ಗಂಟೆ ಕಳೆದ ಪಾದದ ಹಾಗೆ.

ಅಂಗಡಿಯ ಹುಡುಗ ಮೊದಲು ತಂದದ್ದು ಕಾರ್ಬನ್ ಅಟ್ಟೆಯ, ಹಗುರಾದ, ಬಿಳಿ ಬಣ್ಣದ ಚೆಂದದ ಶೂ.

"ರೇಸ್‌ಗೆ ಎಲ್ರೂ ಇದೇ ತಗೊಳೋದು ಮೇಡಂ. ಸ್ವಲ್ಪ ಟೈಟ್ ಅನ್ಸಿದ್ರೂ ಹಾಕ್ತಾ ಹಾಕ್ತಾ ಸರಿಹೋಗುತ್ತೆ."

"ಒಳಗಿನ ಪ್ಯಾಡ್ ತೆಗೀಬಹುದಾ?" ಅಂದೆ.

ತೆಗೆದುಕೊಟ್ಟ. ಅದರ ಮೇಲೆ ನನ್ನ ರಟ್ಟಿನ ಪಾದ ಇಟ್ಟೆ. ಕಿರುಬೆರಳಿನ ಕಡೆ ಅರ್ಧ ಸೆಂಟಿಮೀಟರ್ ಹೊರಗೆ ಚಾಚಿಕೊಂಡಿತು. ಅವನು ಬಗ್ಗಿ ನೋಡಿದ. ಮೇಲಿನ ಬಟ್ಟೆ ಹಿಗ್ಗಬಹುದು, ಕಾರ್ಬನ್ ಹಿಗ್ಗುವುದಿಲ್ಲವಲ್ಲ. ಒಂದು ಸೈಜ್ ದೊಡ್ಡದು ಹಾಕಿ ನೋಡಿದರೆ ಅಗಲಕ್ಕೆ ಹಿಡಿಸಿತು, ಹಿಮ್ಮಡಿ ಮೇಲೆದ್ದಿತು. ಅಲ್ಲಿ ಬೊಬ್ಬೆ ಖಂಡಿತ. ಆಮೇಲೆ ಅವನೇ ಹುರುಪಿನಿಂದ ಗೋಡೌನಿಗೆ ಹೋಗಿ ಒಂದೊಂದೇ ಡಬ್ಬಿ ತಂದು, ಪ್ಯಾಡ್ ತೆಗೆದು, ರಟ್ಟು ಇಟ್ಟು ತಾನೇ ನೋಡತೊಡಗಿದ. ಒಂದೇ ಸೈಜಿನಲ್ಲಿ ಅಗಲದ ಅಚ್ಚಿನ ಶೂಗಳನ್ನೂ ಕೆಲವು ಕಂಪನಿಗಳು ಮಾಡುತ್ತವೆ ಎಂಬುದು ನನಗೆ ಗೊತ್ತಾದದ್ದು ಅಲ್ಲಿ.

ಕೊನೆಗೆ ಎರಡು ಜೊತೆ ಉಳಿದವು. ಒಂದು ಡಯಲ್ ಇರುವ ರೋಡ್ ಶೂ. ತಂತಿ ಎಳೆದು ಪಾದದ ಮೇಲೆ ಎಲ್ಲ ಕಡೆ ಒಂದೇ ಸಮನೆ ಹಿಡಿಯುತ್ತದೆ, ತುಳಿಯುತ್ತಲೇ ಸಡಿಲಿಸಬಹುದು. ನನ್ನ ಆಸೆ ಗೋವಾದಲ್ಲಿ 2019ರಲ್ಲಿ ಶುರುವಾದ ಉದ್ದನೆಯ ಟ್ರಯಥ್ಲಾನ್, ಐರನ್‌ಮ್ಯಾನ್ 70.3. ಅದರಲ್ಲಿ ಸೈಕಲ್ಲೇ 90 ಕಿ.ಮೀ. ಅಷ್ಟು ದೂರಕ್ಕೆ ಡಯಲ್ ಶೂ ಕೊಳ್ಳುವವರನ್ನು ನಾನು ತಪ್ಪೆನ್ನಲಾರೆ. ಇನ್ನೊಂದು ಎರಡು ಪಟ್ಟಿಯ, ನೈಲಾನ್ ಅಟ್ಟೆಯ ಟ್ರಯಥ್ಲಾನ್ ಶೂ. ಅದರ ಮೇಲಿನ ಪಟ್ಟಿ ಹೊರಮಗ್ಗುಲಿಗೆ ತೆರೆಯುತ್ತದೆ. ತೆರೆದಿಟ್ಟು ಸೈಕಲ್ ಓಡಿಸಿದರೂ ಪಟ್ಟಿ ಪೆಡಲ್ ಹಿಡಿದ ತೋಳಿಗೆ, ಅಂದರೆ ಕ್ರ್ಯಾಂಕ್‌ಗೆ ಬಡಿಯುವುದಿಲ್ಲ. ಸಾಮಾನ್ಯ ಶೂನಲ್ಲಿ ಅದು ಒಳಮಗ್ಗುಲಿಗೆ ತೆರೆಯುತ್ತದೆ. ಅಂಗಡಿಯಲ್ಲಿ ನಿಂತಲ್ಲೇ ತುಳಿಯಲು ಬರುವ ಟ್ರೈನರ್‌ಗೆ ಹಾಕಿಟ್ಟ ಸೈಕಲ್ ಒಂದಿತ್ತು. ಬರಿಗಾಲಿಗೆ ಎರಡನ್ನೂ ತೊಟ್ಟು ಇಪ್ಪತ್ತಿಪ್ಪತ್ತು ನಿಮಿಷ ತುಳಿದೆ. ಹುಡುಗ ಅವಸರ ಮಾಡಲಿಲ್ಲ, ನೀರು ತಂದುಕೊಟ್ಟ. ಎರಡು ಪಟ್ಟಿಯದರಲ್ಲಿ ಬೆರಳುಗಳನ್ನು ಒಳಗೇ ಆಡಿಸಬಹುದಿತ್ತು. ಅದನ್ನೇ ಕೊಂಡೆ. ಕಾರ್ಬನ್‌ಗಿಂತ ತುಸು ಭಾರ. ಇರಲಿ.

ಭಾನುವಾರ ಮನೆಯಲ್ಲಿ ನಾನೇ ಕ್ಲೀಟ್ ಕೂರಿಸಿದೆ. ಮೂರು ಬೋಲ್ಟು, 4 ಎಂ.ಎಂ. ಅಲೆನ್ ಕೀ. ಶಿಮಾನೊ ಕಂಪನಿಯ ಹಳದಿ ಕ್ಲೀಟ್ ಆರಿಸಿಕೊಂಡೆ. ಅದು ಹಿಮ್ಮಡಿಯನ್ನು 6 ಡಿಗ್ರಿಯಷ್ಟು ಅತ್ತಿತ್ತ ಹೊರಳಲು ಬಿಡುತ್ತದೆ. ಕೆಂಪಿನಲ್ಲಿ ಆ ಸಡಿಲ ಇಲ್ಲ. ಮೊದಲಿದ್ದ ಜಾಗಕ್ಕಿಂತ ಒಂದಿಷ್ಟು ಹಿಂದಕ್ಕೆ, ಹೆಬ್ಬೆರಳ ಬುಡದ ಗೆಣ್ಣಿನ ಹಿಂದೆ ಬರುವಂತೆ ಬಿಗಿದೆ. ಹಾಗೆ ಮಾಡಿದ ಮೇಲೆ ಸೈಕಲ್ ಇಳಿದು ಓಡುವಾಗ ಮೀನಖಂಡ ಹಿಡಿಯುವುದು ನನ್ನ ಮಟ್ಟಿಗೆ ಕಡಿಮೆಯಾಗಿದೆ.

ಆಮೇಲೆ ರಬ್ಬರ್ ಬ್ಯಾಂಡ್ ಅಭ್ಯಾಸ. ಶೂಗಳನ್ನು ಪೆಡಲ್‌ಗೆ ಮೊದಲೇ ಕಚ್ಚಿಸಿ, ಹಿಮ್ಮಡಿಯ ಕುಣಿಕೆಗೆ ರಬ್ಬರ್ ಬ್ಯಾಂಡ್ ತೂರಿಸಿ ಸೈಕಲ್ಲಿನ ಚೌಕಟ್ಟಿಗೆ ಸಿಕ್ಕಿಸಿದರೆ ಶೂಗಳು ನೆಲಕ್ಕೆ ಜೋತು ಬೀಳದೆ ಮಟ್ಟಸ ನಿಲ್ಲುತ್ತವೆ. ಪಂದ್ಯದಲ್ಲಿ ಸೈಕಲ್ ಹತ್ತಲು ಎಳೆದಿರುವ ಗೆರೆ ದಾಟಿ ಹತ್ತಿ ತುಳಿದ ಕೂಡಲೇ ಬ್ಯಾಂಡ್ ಹರಿಯುತ್ತದೆ. ಸೊಪ್ಪಿನ ಕಟ್ಟಿಗೆ ಬರುವ ಸಣ್ಣ ಬ್ಯಾಂಡುಗಳೇ ಇದಕ್ಕೆ ಸರಿ, ದಪ್ಪನೆಯವು ಹರಿಯುವುದಿಲ್ಲ. ಲಿಂಗಾಂಬುಧಿ ಕೆರೆಯ ಹತ್ತಿರದ ಖಾಲಿ ರಸ್ತೆಯಲ್ಲಿ ಹತ್ತುವುದು ಇಳಿಯುವುದು ಮಾಡುತ್ತಲೇ ಒಂದು ವಾರ ಕಳೆದೆ. ಮೊದಮೊದಲು ಕಾಲು ಶೂನ ಮೇಲಿಟ್ಟು ತುಳಿದು, ವೇಗ ಸಿಕ್ಕ ಮೇಲೆ ಒಂದೊಂದೇ ಕಾಲು ಒಳಕ್ಕೆ. ಕಣ್ಣು ರಸ್ತೆಯ ಮೇಲೇ ಇರಬೇಕು.

ಮುಂದಿನ ಭಾನುವಾರ ಬೆಳಗಿನ ಐದೂವರೆಗೆ ಈಜಿ ಬಂದ ಹಾಗಿರಲೆಂದು ಪಾದಗಳ ಮೇಲೆ ಒಂದು ಚೊಂಬು ನೀರು ಸುರಿದುಕೊಂಡು ರಿಂಗ್ ರಸ್ತೆಗೆ ಹೊರಟೆ. ಮೈಸೂರಿನ ಸುತ್ತ ಒಂದು ಸುತ್ತು ಅಂದರೆ ಹೆಚ್ಚುಕಡಿಮೆ 42 ಕಿ.ಮೀ., ನನಗೆ ಬೇಕಾದಷ್ಟೇ ದೂರ. ಮೂವತ್ತನೆಯ ಕಿ.ಮೀ. ಆದಮೇಲೆ ಕಾಯತೊಡಗಿದೆ, ಹಿಂದೆ ಜೋಮು ಶುರುವಾಗುತ್ತಿದ್ದದ್ದು ಅಲ್ಲಿಂದಲೇ. ಮೂವತ್ತೈದಾಯಿತು. ಪಾದ ಬಿಸಿಯಾಗಿತ್ತು, ಅಷ್ಟೇ. ಮನೆ ಹತ್ತಿರ ಬಂದಾಗ ಪಟ್ಟಿ ಬಿಚ್ಚಿ, ಶೂಗಳನ್ನು ಪೆಡಲ್‌ನಲ್ಲೇ ಬಿಟ್ಟು, ಬರಿಗಾಲಲ್ಲಿ ಧುಮುಕಿ ಸೈಕಲ್ ಹಿಡಿದು ಓಡಿದೆ. ಗೇಟಿನ ಮುಂದೆ ಯಾರೋ ಮನೆ ಕಟ್ಟಿಸಲು ಸುರಿದಿದ್ದ ಜಲ್ಲಿ ಚೆಲ್ಲಾಡಿತ್ತು. ಎಡಗಾಲಿನ ಕಿರುಬೆರಳ ಕೆಳಗೆ ಒಂದು ಚೂರು ಚುರ್ರೆಂದು ಚುಚ್ಚಿತು.