ಕಾರು ಒಂದು ಕಡೆ ಕುಸಿದು ಕೂತಾಗ

ಆವತ್ತು ಬೆಳಗ್ಗೆ ನೋಡಿದರೆ ಕಾರಿನ ಮುಂದಿನ ಎಡಭಾಗ ಕುಸಿದು ಟೈರಿನ ಮೇಲೆ ಕೂತಿತ್ತು. ಪಂಕ್ಚರ್ ಇರಬೇಕು ಅಂದುಕೊಂಡೆ. ಟೈರಲ್ಲಿ ಗಾಳಿ ಸರಿಯಾಗೇ ಇತ್ತು. ಸ್ಟಾರ್ಟ್ ಮಾಡಿದರೆ ಸಸ್ಪೆನ್ಶನ್ (ಕಾರಿನ ಭಾರ ಹೊತ್ತು ಕುಲುಕಾಟ ತಡೆಯುವ ವ್ಯವಸ್ಥೆ) ವಾರ್ನಿಂಗ್ ಲೈಟ್ ಬಂತು. ಕಾರಿಗೆ ಆರು ವರ್ಷ. ಕಂಪನಿ ಕೊಟ್ಟ ವಾರಂಟಿ ಎಂದೋ ಮುಗಿದಿತ್ತು. ಆದರೆ ಹೊರಗಿನವರಿಂದ ತೆಗೆದುಕೊಂಡ ಎಕ್ಸ್‌ಟೆಂಡೆಡ್ ವಾರಂಟಿ ಇತ್ತಲ್ಲ, ಧೈರ್ಯವಾಗಿಯೇ ಟೋ ಮಾಡಿಸಿದೆ.

ದುಬಾರಿ ಕಾರುಗಳಲ್ಲಿ ಬರುವ ಏರ್ ಸಸ್ಪೆನ್ಶನ್‌ನಲ್ಲಿ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ವರ್ಷ ಕಳೆದಂತೆ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರುತ್ತದೆ. ಅದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಓಡಿ ಕೊನೆಗೆ ಅದೂ ಸುಟ್ಟುಹೋಗುತ್ತದೆ. ನನ್ನ ಕಾರಿನಲ್ಲಿ ಎರಡೂ ಹೋಗಿದ್ದವು.

ಮಧ್ಯಾಹ್ನ ಸರ್ವಿಸ್ ಅಡ್ವೈಸರ್ ಬಂದು, "ಸರ್, ಕ್ಲೇಮ್ ರಿಜೆಕ್ಟ್ ಆಗಿದೆ" ಎಂದರು. ರಬ್ಬರ್ ಚೀಲ ಸವೆಯುವ ಭಾಗ, ಅದಕ್ಕೆ ವಾರಂಟಿ ಇಲ್ಲ. ಕಂಪ್ರೆಸರ್ ವಾರಂಟಿ ಇರುವ ಭಾಗಗಳ ಲಿಸ್ಟ್‌ನಲ್ಲಿದೆ. ಆದರೆ ಅದು ಕೆಟ್ಟಿದ್ದು ಚೀಲ ಸೋರಿದ್ದರಿಂದ, ಹಾಗಾಗಿ ಅದಕ್ಕೂ ಇಲ್ಲ! ವಾರಂಟಿ ಮಾರುವಾಗ ಫೋನಲ್ಲಿ "ಎಲ್ಲಾ ಕವರ್ ಆಗುತ್ತೆ" ಅಂದಿದ್ದರು. ಸಿಟ್ಟಿನಿಂದ ಕೈ ನಡುಗಿತು. ಅಲ್ಲೇ ಕೂತು ಒಪ್ಪಂದದ ಕಾಗದ ತೆಗೆದು ಓದಿದೆ. ಅಡ್ವೈಸರ್ ಹೇಳಿದ್ದೆಲ್ಲ ಅಲ್ಲಿ ಅಚ್ಚಾಗಿತ್ತು. ಎರಡು ವರ್ಷದಿಂದ ಆ ಕಾಗದ ನನ್ನ ಹತ್ತಿರವೇ ಇತ್ತು.

ಪೂರ್ತಿ ಬಿಲ್ ನಾನೇ ಕಟ್ಟಿದೆ.

ಹಾಗಂತ ಇಂಥ ವಾರಂಟಿ ಸುಮ್ನೆ ದಂಡ ಅಂತ ನಾನು ಹೇಳುವುದಿಲ್ಲ. ಐಷಾರಾಮಿ ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಗೇರ್‌ಬಾಕ್ಸ್ ಒಂದು ಕೆಟ್ಟರೆ ಸಾಕು, ವಾರಂಟಿಗೆ ಕೊಟ್ಟ ದುಡ್ಡಿಗಿಂತ ಜಾಸ್ತಿಯೇ ಹೋಗಬಹುದು. ಮೂರೇ ವರ್ಷಕ್ಕೆ ಮಾರುವವರಿಗೆ ಇದರ ಚಿಂತೆ ಬೇಡ. ನನ್ನ ಹಾಗೆ ಹತ್ತು ವರ್ಷ ಓಡಿಸುವವರಿಗೆ ಬೇಕು. ಆದರೆ ಮುಂದಿನ ಸಲ ಕಾರು ತಯಾರಿಸಿದ ಕಂಪನಿಯದ್ದೇ ತೆಗೆದುಕೊಳ್ಳುತ್ತೇನೆ, ಅದೂ ಮೊದಲ ವಾರಂಟಿ ಮುಗಿಯುವ ಮುಂಚೆ. ಯಾವುದಕ್ಕೆ ಇದೆ ಎಂಬ ಪಟ್ಟಿಗಿಂತ ಯಾವುದಕ್ಕೆ ಇಲ್ಲ ಎಂಬ ಪಟ್ಟಿ ಇರುವ ಒಪ್ಪಂದವೇ ಒಳ್ಳೆಯದು. ಆ ಪಟ್ಟಿಯಲ್ಲಿ ಹೆಸರಿಲ್ಲದ ಭಾಗಕ್ಕೆಲ್ಲ ವಾರಂಟಿ ಇದೆ ಎಂದೇ ಅರ್ಥ ಅಲ್ವಾ?

ರಿಪೇರಿ ಮುಗಿದ ಸಂಜೆ ಕಾರು ಸ್ಟಾರ್ಟ್ ಮಾಡಿದೆ. ಎಡಭಾಗ ನಿಧಾನವಾಗಿ ಮೇಲೆದ್ದಿತು. ಆ ವಾರಂಟಿ ಇನ್ನೂ ಎಂಟು ತಿಂಗಳು ಇದೆ. ಪಟ್ಟಿಯಲ್ಲಿ ಟರ್ಬೊ, ವಾಟರ್ ಪಂಪ್, ಗೇರ್‌ಬಾಕ್ಸ್ ಇವೆ. ಮುಗಿಯುವ ಮುಂಚೆ ಮೂರನ್ನೂ ಚೆಕ್ ಮಾಡಿಸಬೇಕು ಎಂದು ಮನೆಗೆ ಬಂದ ಕೂಡಲೇ ಡೈರಿಯಲ್ಲಿ ಬರೆದಿಟ್ಟೆ.