ಹೇಳುವವರು ಕೇಳುವವರಿಲ್ಲದ ಕಾಡಿನಲ್ಲಿ ಒಂದು ರಾತ್ರಿ

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಡೇರೆ ಹಾಕಿ ಮಲಗುವುದಕ್ಕೆ ಬಹುತೇಕ ಕಡೆ ಯಾರ ಅಪ್ಪಣೆಯೂ ಬೇಡ, ದುಡ್ಡೂ ಬೇಡ ಎಂದರೆ ಅಪ್ಪ ನಂಬಲಿಲ್ಲ. ಅವನು ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರ. ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿಯುವ, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುವ ಹಕ್ಕು ನಮ್ಮ ಮನೆತನಕ್ಕೆ ಬ್ರಿಟಿಷರ ಕಾಲದಿಂದಲೂ ಇದೆ. ಆದರೆ ಆ ಬೆಟ್ಟ ನಮ್ಮದಲ್ಲ, ಅಲ್ಲಿನ ಮರಗಳು ಸರ್ಕಾರದವು. ‘ಫಾರೆಸ್ಟಿನವರು’ ಎಂಬ ಮಾತು ನಮ್ಮ ಜಗಲಿಯಲ್ಲಿ ಯಾವಾಗಲೂ ಒಂದು ಮೆಟ್ಟಿಲು ತಗ್ಗಿದ ದನಿಯಲ್ಲೇ ಬರುತ್ತಿತ್ತು. ಗಾಳಿಗೆ ಬಿದ್ದ ಮರವನ್ನು ಮುಟ್ಟುವ ಮೊದಲು ಹತ್ತು ಸಲ ಯೋಚಿಸಿ ಬದುಕಿದವನಿಗೆ, ಸರ್ಕಾರಿ ಕಾಡಿನಲ್ಲಿ ಹೋಗಿ ಸುಮ್ಮನೆ ಮಲಗಿ ಬರಬಹುದು ಎಂಬುದು ಹೇಗೆ ತಾನೇ ಒಪ್ಪಿಗೆಯಾದೀತು?

ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವ ಕೆಲಸ ಮುಗಿಸಿ ಅಪ್ಪ ಅಮ್ಮ ಇಬ್ಬರೂ ಅರಿಜೋನಾ ರಾಜ್ಯದಲ್ಲಿ ನಾವಿರುವ ಫೀನಿಕ್ಸಿಗೆ ಬಂದಿದ್ದರು. ಸೆಪ್ಟೆಂಬರ್ ಕೊನೆಯಾದರೂ ಇಲ್ಲಿ ಬಿಸಿಲು 38 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ಮರುಭೂಮಿಯ ಈ ಊರಿನಲ್ಲಿ ಹವಾನಿಯಂತ್ರಿತ ಮನೆಯೊಳಗೆ ಕುಳಿತು ಕುಳಿತು ಅಪ್ಪ ಬಾಡಿಹೋಗಿದ್ದ. ಮಂಡಿನೋವಿನ ಅಮ್ಮ ಮನೆಯಲ್ಲೇ ಉಳಿದಳು. ನಾನು, ನನ್ನ ಗಂಡ, ಮಗಳು ಮತ್ತು ಅಪ್ಪ ಶನಿವಾರ ಬೆಳಿಗ್ಗೆ ಫ್ಲ್ಯಾಗ್‌ಸ್ಟಾಫ್ ಕಡೆಗೆ ಹೊರಟೆವು.

ಹೆದ್ದಾರಿ 17ರಲ್ಲಿ ಉತ್ತರಕ್ಕೆ 230 ಕಿಲೋಮೀಟರ್. ಆ ದೂರದಲ್ಲಿ ನೆಲ ಸುಮಾರು ಆರು ಸಾವಿರ ಅಡಿ ಮೇಲೇರುತ್ತದೆ. ಮೊದಲು ಕೈ ಎತ್ತಿ ನಿಂತ ಸಗುವಾರೊ ಕಳ್ಳಿಗಳು, ಆಮೇಲೆ ಬರೀ ಹುಲ್ಲು, ಆಮೇಲೆ ಕುಳ್ಳ ಜುನಿಪರ್ ಮರಗಳು, ಕೊನೆಗೆ ಪಾಂಡೆರೋಸಾ ಪೈನ್. ಪೈನ್ ಕಾಡು ಶುರುವಾದಲ್ಲಿ ಅಪ್ಪ ಕಿಟಕಿ ಇಳಿಸಿದ, ಮತ್ತೆ ಏರಿಸಲಿಲ್ಲ.

“ಇದು ಯಾರ ಕಾಡು?” ಎಂದು ಕೇಳಿದ.

ಎಲ್ಲರ ಕಾಡು, ಇದಕ್ಕೆ ಕೊಕೊನಿನೊ ರಾಷ್ಟ್ರೀಯ ಅರಣ್ಯ ಎಂದು ಹೆಸರು, ಸುಮಾರು 18 ಲಕ್ಷ ಎಕರೆ, ನೋಡಿಕೊಳ್ಳುವುದು ಇಲ್ಲಿನ ಅರಣ್ಯ ಸೇವೆ ಎಂದೆ. 1905ರಲ್ಲಿ ಶುರುವಾದ ಈ ಇಲಾಖೆ ಕೃಷಿ ಖಾತೆಯ ಕೆಳಗೆ ಬರುತ್ತದೆ ಎಂದಾಗ ಅಪ್ಪನ ಕಿವಿ ನೆಟ್ಟಗಾಯಿತು. ಗ್ರ್ಯಾಂಡ್ ಕ್ಯಾನ್ಯನ್‌ನಂಥ ರಾಷ್ಟ್ರೀಯ ಉದ್ಯಾನಗಳು ಬೇರೆ ಖಾತೆಗೆ ಸೇರಿದವು. ಅಲ್ಲಿ ಗೇಟು, ಟಿಕೆಟ್ಟು, ರಾತ್ರಿ ತಂಗುವುದಕ್ಕೆ ಮುಂಗಡ ಕಾಯ್ದಿರಿಸುವಿಕೆ ಎಲ್ಲ ಉಂಟು. ರಾಷ್ಟ್ರೀಯ ಅರಣ್ಯದ ಲೆಕ್ಕವೇ ಬೇರೆ. ಇಲ್ಲಿ ಮರ ಕಡಿಯಲು ಗುತ್ತಿಗೆ ಕೊಡುತ್ತಾರೆ, ದನ ಮೇಯಿಸಲು ಪರವಾನಗಿ ಕೊಡುತ್ತಾರೆ, ಬೇಟೆಗೂ ಬಿಡುತ್ತಾರೆ, ಜೊತೆಗೆ ಬಂದವರು ಮಲಗಲಿ ಎಂದೂ ಬಿಡುತ್ತಾರೆ. ಇಂಥ 154 ಅರಣ್ಯಗಳು, ಒಟ್ಟು ಸುಮಾರು 19 ಕೋಟಿ ಎಕರೆ. ನಾಲ್ಕು ಕರ್ನಾಟಕಗಳನ್ನು ಅದರೊಳಗೆ ಇಡಬಹುದು.

ಹೀಗೆ ಎಲ್ಲೆಂದರಲ್ಲಿ ಬಿಡಾರ ಹೂಡುವುದಕ್ಕೆ ಇಲ್ಲಿ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಎನ್ನುತ್ತಾರೆ. ನಲ್ಲಿ, ಶೌಚಾಲಯ, ಮೇಜು, ಕಸದ ಡಬ್ಬಿ ಯಾವುದೂ ಇರುವುದಿಲ್ಲ. ಒಂದೇ ಕಡೆ 14 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ವಾಹನ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅರಣ್ಯ ಸೇವೆ ಪುಕ್ಕಟೆ ನಕ್ಷೆಯೊಂದನ್ನು ಕೊಡುತ್ತದೆ. ಅದರಲ್ಲಿ ಗೆರೆ ಇಲ್ಲದ ದಾರಿಯಲ್ಲಿ ಗಾಡಿ ಓಡಿಸುವಂತಿಲ್ಲ, ಕಣ್ಣೆದುರು ದಾರಿ ಕಂಡರೂ ಸರಿ. ಅರಿಜೋನಾದ ಒಂದು ಕಾನೂನು ನನಗೆ ತುಂಬ ಹಿಡಿಸಿದ್ದು. ಪ್ರಾಣಿಗಳಿಗೆ ಆಸುಪಾಸಿನಲ್ಲಿ ಬೇರೆ ನೀರಿಲ್ಲ ಎನ್ನುವಂಥ ಹೊಂಡದಿಂದ ಕಾಲು ಮೈಲಿಯೊಳಗೆ ಅವಕ್ಕೆ ಅಡ್ಡವಾಗಿ ಬಿಡಾರ ಹೂಡುವುದು ಅಪರಾಧ. ಕಾಡುಪ್ರಾಣಿಗೂ ಮೇಯುವ ದನಕ್ಕೂ ಅಂಜದೆ ಬಂದು ನೀರು ಕುಡಿಯುವ ಹಕ್ಕು ಮೊದಲು, ನಮ್ಮ ಡೇರೆ ಆಮೇಲೆ. ಇದನ್ನು ಹೇಳಿದಾಗ ಅಪ್ಪ, “ಇದು ಬರೆದವನು ದನ ಕಟ್ಟಿದವನೇ ಇರಬೇಕು” ಎಂದ.

ಫ್ಲ್ಯಾಗ್‌ಸ್ಟಾಫ್ ದಾಟಿ ಹೆದ್ದಾರಿ 180ರಿಂದ ಹಾರ್ಟ್ ಪ್ರೇರಿ ಕಡೆಯ ಮಣ್ಣುರಸ್ತೆಗೆ ತಿರುಗಿದೆವು. ತಿರುವಿನ ಹತ್ತಿರ ಟೋಪಿ ಹಾಕಿದ ಸ್ಮೋಕಿ ಕರಡಿಯ ಹಲಗೆ. 1944ರಿಂದಲೂ ಕಾಡ್ಗಿಚ್ಚಿನ ವಿರುದ್ಧ ಎಚ್ಚರ ಹೇಳುತ್ತ ಬಂದಿರುವ ಚಿತ್ರ ಅದು. ಅಂದಿನ ಬೆಂಕಿಯ ಅಪಾಯ ‘ಮಧ್ಯಮ’ ಎಂದು ತೋರಿಸುತ್ತಿತ್ತು. ಬೇಸಿಗೆಯ ಒಣಹವೆಯಲ್ಲಿ ಒಲೆ ಹಚ್ಚುವುದನ್ನೇ ನಿಷೇಧಿಸುತ್ತಾರೆ. ಮುಂಗಾರಿನ ಮಳೆಯ ನಂತರ ಆ ನಿಷೇಧ ತೆರವಾಗಿತ್ತು. ಆದರೆ ಮಳೆ ನಿಂತು ಕೆಲವು ವಾರಗಳಾಗಿದ್ದವು, ಪೈನ್ ಎಲೆಗಳು ಒಣಗಿ ಗರಿಗರಿಯಾಗಿದ್ದವು. ಮೇಲಕ್ಕೆ ಹೋದಂತೆ ಆಸ್ಪೆನ್ ಮರಗಳು ಅಚ್ಚ ಹಳದಿಗೆ ತಿರುಗಿದ್ದವು. ಆ ಬಣ್ಣ ನೋಡುವುದಕ್ಕೆಂದೇ ಜನ ಬರುತ್ತಾರೆ. ಹಾಗಾಗಿ ಒಳ್ಳೆಯ ಜಾಗಗಳಲ್ಲೆಲ್ಲ ಆಗಲೇ ಡೇರೆಗಳಿದ್ದವು. ಹಿಂದೆ ಯಾರೋ ತಂಗಿದ್ದ ಒಂದು ಬಯಲು ಕೊನೆಗೆ ಸಿಕ್ಕಿತು. ಹೊಸ ಜಾಗದ ಹುಲ್ಲು ತುಳಿಯುವ ಬದಲು ಮೊದಲೇ ಬಳಕೆಯಾದ ಜಾಗದಲ್ಲೇ ಇಳಿಯಬೇಕು ಎಂಬುದು ಇಲ್ಲಿನ ರೂಢಿ.

ನನ್ನ ಗಂಡ ಡೇರೆಯ ಗೂಟ ಬಡಿಯುತ್ತಿದ್ದ. ಅಪ್ಪ ಅಷ್ಟರಲ್ಲಿ ಮರಗಳನ್ನು ಮುಟ್ಟಿ ನೋಡುತ್ತ ಒಂದು ಸುತ್ತು ಬಂದ. ಹಳೆಯ ಪಾಂಡೆರೋಸಾ ಮರದ ಕಿತ್ತಳೆ ಬಣ್ಣದ ತೊಗಟೆಯ ಬಿರುಕಿಗೆ ಮೂಗಿಟ್ಟರೆ ವೆನಿಲಾ ಪರಿಮಳ ಬರುತ್ತದೆ. ಮಗಳು ಅಜ್ಜನಿಗೆ ಅದನ್ನು ತೋರಿಸಿಕೊಟ್ಟಳು. ಅವನು ನಾಲ್ಕಾರು ಮರಗಳನ್ನು ಮೂಸಿ ಬಂದವನು ಇದ್ದಕ್ಕಿದ್ದಂತೆ ನಿಂತ.

“ಕೂಸೇ, ಇಲ್ಲಿ ಬೆಂಕಿ ಇದೆ.”

ಹಿಂದಿನವರು ಮಾಡಿದ್ದ ಕಲ್ಲಿನ ಒಲೆ ತಣ್ಣಗೆ ಕಾಣುತ್ತಿತ್ತು. ಅದರ ಮೇಲೆ ಮಣ್ಣು ಮುಚ್ಚಿದ್ದರು, ಹೊಗೆ ಇರಲಿಲ್ಲ. ಅಪ್ಪ ತೋರಿಸಿದ್ದು ಒಲೆಯನ್ನಲ್ಲ, ಅದರಿಂದ ಒಂದು ಮಾರು ಆಚೆಗಿದ್ದ ಹಳೆಯ ಬೊಡ್ಡೆಯ ಬುಡವನ್ನು. ಅಲ್ಲಿ ಪೈನ್ ಎಲೆಗಳ ನಡುವಿನಿಂದ ನೂಲಿನಷ್ಟು ತೆಳ್ಳಗಿನ ಹೊಗೆ ಏಳುತ್ತಿತ್ತು. ಬಿಸಿಲಲ್ಲಿ ನನಗೆ ಅದು ಕಾಣಿಸಲೇ ಇಲ್ಲ. ಬಗ್ಗಿ, ಬೆಳಕಿಗೆ ಅಡ್ಡವಾಗಿ ನೋಡಿದಾಗ ಕಂಡಿತು. ಅಪ್ಪನ ಮೂಗಿಗೆ ಮಾತ್ರ ದೂರದಿಂದಲೇ ತಿಳಿದಿತ್ತು.

ಸಲಿಕೆ ತರಿಸಿಕೊಂಡ. ಒಲೆಯ ಮಣ್ಣು ಸರಿಸಿದರೆ ಕೆಳಗೆ ಕೆಂಪು ಕೆಂಡ. ಮಣ್ಣು ಮುಚ್ಚಿದರೆ ಬೆಂಕಿ ಆರಿತು ಎಂದು ತುಂಬ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಮಣ್ಣು ಕೆಂಡವನ್ನು ಕಾಪಾಡುತ್ತದೆ. ನಮ್ಮ ಕಡೆ ಹೆಂಗಸರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಬೆಳಗಿನವರೆಗೆ ಉಳಿಸುತ್ತಿದ್ದದ್ದೂ ಇದೇ ಉಪಾಯದಿಂದಲ್ಲವೇ? ಒಲೆಯ ತಳದಲ್ಲಿ ಬೆರಳು ಗಾತ್ರದ ಒಂದು ಬೇರಿತ್ತು. ಬೆಂಕಿ ಅದರೊಳಗೆ ಹೊಕ್ಕು ನೆಲದಡಿಯಲ್ಲೇ ಬೊಡ್ಡೆಯವರೆಗೆ ಸಾಗಿತ್ತು. ಅಪ್ಪ ಬೇರಿನ ಜಾಡು ಹಿಡಿದು ಅಗೆಯುತ್ತ ಹೋದ. ನನ್ನ ಗಂಡ ನೀರು ಹೊಯ್ದ. ನಾನು ಕೋಲಿನಿಂದ ಕಲಸಿದೆ. ಮಗಳು ಬೊಡ್ಡೆಯ ಸುತ್ತಲಿನ ಒಣ ಎಲೆಯನ್ನು ಕಾಲಿನಿಂದ ದೂರ ತಳ್ಳಿದಳು. ಬುಸ್ಸೆಂದು ಹಬೆ ಏಳುವುದು ನಿಲ್ಲುವವರೆಗೆ ಹೊಯ್ದು, ಕಲಸಿ, ಕಲ್ಲುಗಳನ್ನು ಒಂದೊಂದಾಗಿ ಮಗುಚಿ, ಮುಂಗೈ ಇಟ್ಟು ನೋಡಿ, ಬಿಸಿ ಎನಿಸಿದಲ್ಲಿ ಮತ್ತೆ ನೀರು. ಕುಡಿಯಲು ತಂದಿದ್ದ ಎರಡು ಕ್ಯಾನುಗಳಲ್ಲಿ ಒಂದು, ಸುಮಾರು 19 ಲೀಟರ್, ಪೂರ್ತಿ ಖಾಲಿಯಾಯಿತು.

ಅಪ್ಪನಿಗೆ ಇದು ಹೊಸ ಕೆಲಸವಲ್ಲ. ಊರಿನಲ್ಲಿ ಬೇಸಿಗೆಗೆ ಮೊದಲು ಬೆಟ್ಟದ ಅಂಚಿನ ದರಕು ಗುಡಿಸಿ ಬೆಂಕಿ ದಾಟದಂತೆ ಗೆರೆ ಬಿಡಿಸುವುದು, ಎಲ್ಲಾದರೂ ಕಿಚ್ಚು ಎದ್ದರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯಲು ಓಡುವುದು ಅವನು ಹುಡುಗನಾಗಿದ್ದಾಗಿನಿಂದ ಮಾಡುತ್ತ ಬಂದದ್ದು. ಆದರೂ ಆ ಸಂಜೆ ಅವನಿಗೆ ಬಂದ ಸಿಟ್ಟು ನಾನು ಅಪರೂಪಕ್ಕೆ ಕಂಡದ್ದು. “ಕಾಡು ಇಷ್ಟು ನಂಬಿ ಬಿಟ್ಟಿದೆ. ಎರಡು ಕೊಡ ನೀರು ಹೊಯ್ಯಲು ಇವರಿಗೆ ಏನಾಗಿತ್ತು?” ಎಂದು ಮತ್ತೆ ಮತ್ತೆ ಕೇಳಿದ.

ನನಗೂ ಅಷ್ಟೇ ಸಿಟ್ಟಿತ್ತು, ಜೊತೆಗೆ ಭಯವೂ. ನಮ್ಮ ತಲೆಯ ಮೇಲೆ ನಿಂತಿದ್ದ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳ ಆಚೆ ಬದಿಯಲ್ಲಿ 2010ರ ಜೂನ್ 20ರಂದು ಯಾರೋ ಹೀಗೆಯೇ ಬಿಟ್ಟುಹೋದ ಒಲೆಯಿಂದ ಶುಲ್ಟ್ಸ್ ಕಾಡ್ಗಿಚ್ಚು ಹುಟ್ಟಿತು. ಸುಮಾರು 15,000 ಎಕರೆ ಸುಟ್ಟಿತು. ಅಷ್ಟಕ್ಕೇ ಮುಗಿಯಲಿಲ್ಲ. ಬೇರು ಎಲೆಗಳಿಲ್ಲದೆ ಬೋಳಾದ ಇಳಿಜಾರಿನ ಮೇಲೆ ಮರುತಿಂಗಳು ಮಳೆ ಸುರಿದಾಗ ನೀರು, ಬೂದಿ, ಬಂಡೆ ಎಲ್ಲ ಸೇರಿ ಕೆಳಗಿನ ಬಡಾವಣೆಗಳಿಗೆ ನುಗ್ಗಿತು. ಹನ್ನೆರಡು ವರ್ಷದ ಒಬ್ಬ ಹುಡುಗಿ ಆ ಪ್ರವಾಹದಲ್ಲಿ ಕೊಚ್ಚಿಹೋಗಿ ತೀರಿಕೊಂಡಳು. ನನ್ನ ಮಗಳು ಬೊಡ್ಡೆಯ ಪಕ್ಕ ಎಲೆ ಸರಿಸುತ್ತ ನಿಂತಿದ್ದಾಗ ನನಗೆ ಅದೇ ನೆನಪು. ಈ ಕಾಡಿನಲ್ಲಿ ನಮ್ಮನ್ನು ಯಾರೂ ತಡೆಯುವುದಿಲ್ಲ, ಹಾಗೆಯೇ ನಮ್ಮ ಹಿಂದೆ ಬಂದು ಒಲೆ ಆರಿಸುವವರೂ ಯಾರಿಲ್ಲ. ಈ ಎರಡನೆಯ ಮಾತನ್ನು ಮರೆತು ಮೊದಲನೆಯದನ್ನು ಮಾತ್ರ ಅನುಭವಿಸುವವರನ್ನು ಕಂಡರೆ ನನಗೆ ಸಹಿಸಲಾಗದು.

ಹೊತ್ತು ಮುಳುಗುವ ಹೊತ್ತಿಗೆ ಅರಣ್ಯ ಸೇವೆಯ ಗಸ್ತಿನ ಪಿಕಪ್ ವಾಹನ ಬಂತು. ಸಮವಸ್ತ್ರ ಕಂಡದ್ದೇ ಅಪ್ಪ ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, “ನನ್ನ ಪಾಸ್‌ಪೋರ್ಟ್ ತಂದಿದ್ದೀಯಾ?” ಎಂದು ಮೆಲ್ಲಗೆ ಕೇಳಿದ. ಇಳಿದು ಬಂದ ಅಧಿಕಾರಿ ಹೆಂಗಸು. ಎಷ್ಟು ದಿನ ಇರುತ್ತೀರಿ, ಸಲಿಕೆ ಇದೆಯೇ, ನೀರಿದೆಯೇ ಎಂದು ಕೇಳಿದಳು. ನಾನು ಬೊಡ್ಡೆಯ ಕಥೆ ಹೇಳಿದೆ. ಆಕೆ ಮಂಡಿಯೂರಿ ಕೂತು, ಕೈಗವಸು ತೆಗೆದು, ಅಪ್ಪ ಅಗೆದ ಗುಂಡಿಯಲ್ಲಿ ಉದ್ದಕ್ಕೂ ಕೈಯಾಡಿಸಿ ನೋಡಿದಳು. ಜಾಗವನ್ನು ಗುರುತು ಹಾಕಿಕೊಂಡಳು. ಅಪ್ಪನ ಕೈ ಕುಲುಕಿ ಧನ್ಯವಾದ ಹೇಳಿದಳು. ಹೊರಡುವಾಗ ಮಗಳ ಕೈಗೆ ಕಸದ ಚೀಲಗಳನ್ನು ಕೊಟ್ಟಳು. ಹೆಸರು, ಊರು, ಕಾಗದಪತ್ರ ಯಾವುದನ್ನೂ ಕೇಳಲಿಲ್ಲ. ವಾಹನ ಹೋದ ಮೇಲೂ ಅಪ್ಪ ಸ್ವಲ್ಪ ಹೊತ್ತು ನಿಂತೇ ಇದ್ದ.

ಊಟಕ್ಕೆ ಗ್ಯಾಸ್ ಒಲೆಯ ಮೇಲೆ ಅನ್ನ ಮಾಡಿದೆವು. ಸೌದೆ ಹಚ್ಚಲು ಅಪ್ಪ ಬಿಡಲಿಲ್ಲ, ನಮಗೂ ಮನಸ್ಸಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಇದ್ದವು. ಕಪ್ಪು ಕರಡಿ ಇರುವ ಕಾಡಾದ್ದರಿಂದ ಉಂಡಾದ ಮೇಲೆ ತುತ್ತು ಆಹಾರವೂ ಹೊರಗೆ ಉಳಿಯದಂತೆ ಎಲ್ಲವನ್ನೂ ಕಾರಿನೊಳಗೆ ಇಟ್ಟು ಬೀಗ ಹಾಕಿದೆವು. ಬಹಿರ್ದೆಸೆಗೆ ಬಿಡಾರದಿಂದ 200 ಅಡಿ ದೂರ ಹೋಗಿ, ಆರರಿಂದ ಎಂಟು ಅಂಗುಲ ಆಳದ ಗುಂಡಿ ತೆಗೆದು, ಮುಚ್ಚಿ ಬರಬೇಕು. ಮಗಳಿಗೆ ಅದು ಬಲು ಕಷ್ಟವಾಯಿತು. ಅಪ್ಪ ಮಾತ್ರ ಕೈಸಲಿಕೆ ಹಿಡಿದು ನಿರಾಳವಾಗಿ ಹೋಗಿಬಂದ.

ಎಂಟೂವರೆ ಸಾವಿರ ಅಡಿ ಎತ್ತರದ ಚಳಿ ಮೂಳೆಗೆ ಇಳಿಯುತ್ತಿತ್ತು. ಫ್ಲ್ಯಾಗ್‌ಸ್ಟಾಫ್ ಊರು ಬೀದಿದೀಪಗಳ ಬೆಳಕನ್ನು ಹತೋಟಿಯಲ್ಲಿಟ್ಟು 2001ರಲ್ಲಿ ಜಗತ್ತಿನ ಮೊದಲ ‘ಕತ್ತಲ ಆಕಾಶದ ನಗರ’ ಎಂಬ ಮನ್ನಣೆ ಪಡೆದದ್ದು. ಹಾಗಾಗಿ ಆಕಾಶಗಂಗೆ ಬಯಲಿನ ಈ ಅಂಚಿನಿಂದ ಆ ಅಂಚಿನವರೆಗೆ ಕಾಣುತ್ತಿತ್ತು. ನಡುರಾತ್ರಿ ಎಲ್ಕ್ ಗಂಡು ಕೂಗಿತು. ನಮ್ಮ ಕಡವೆಯ ಬಳಗದ ದೊಡ್ಡ ಪ್ರಾಣಿ ಅದು. ಆದರೆ ಕೂಗು ಕಡವೆಯದ್ದಲ್ಲ, ಸಣ್ಣಗೆ ಶುರುವಾಗಿ ಸೀಟಿಯಂತೆ ಏರುತ್ತ ಹೋಗುವ ದನಿ. ಸೆಪ್ಟೆಂಬರ್ ಅವುಗಳ ಬೆದೆಯ ಕಾಲ. ಅರಿಜೋನಾದ ಮೂಲ ಎಲ್ಕ್‌ಗಳು ಬೇಟೆಗೆ ಸಿಕ್ಕಿ ಪೂರ್ತಿ ಅಳಿದುಹೋಗಿ, 1913ರಲ್ಲಿ ಯೆಲ್ಲೊಸ್ಟೋನ್‌ನಿಂದ ತಂದು ಬಿಟ್ಟವುಗಳ ಸಂತತಿ ಈಗಿನದ್ದು. “ಹೋದದ್ದನ್ನು ಮತ್ತೆ ತಂದು ಬಿಟ್ಟರಲ್ಲ” ಎಂದು ಅಪ್ಪ ಕತ್ತಲಲ್ಲೇ ಹೇಳಿದ. ಅವನಿಗೆ ನಿದ್ದೆ ಬಂದಿರಲಿಲ್ಲ, ನನಗೂ ಇಲ್ಲ. ನಮ್ಮೂರಿನ ಕಾನಿನ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಅನುಮತಿಯಿಲ್ಲದೆ ಅಲ್ಲಿನ ಮೀಸಲು ಅರಣ್ಯದಲ್ಲಿ ರಾತ್ರಿ ತಂಗುವಂತಿಲ್ಲ. ಅದು ಸರಿಯೇ ಎಂದು ನಾನು ಈಗಲೂ ಹೇಳುತ್ತೇನೆ. ಅಲ್ಲಿ ಕಾಡು ಕಿರಿದು, ಜನ ಹೆಚ್ಚು, ಆನೆ ಚಿರತೆಗಳಿಗೆ ಉಳಿದಿರುವ ನೆಲವೇ ಅಷ್ಟು. ಆದರೆ ಕಾಡಿನ ಅಂಚಿನಲ್ಲೇ ಬಾಳಿ ಅದರ ಬೆಂಕಿ ಆರಿಸಿದವನನ್ನೂ ಮೊದಲು ಅನುಮಾನದಿಂದಲೇ ನೋಡುವ ಅಭ್ಯಾಸ ತಪ್ಪು.

ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪ ಶಿಖರದ ಕಡೆ ನೋಡಿ, “ಇಲಾಖೆ ಬರುವ ಮೊದಲು ಇದು ಯಾರದ್ದಾಗಿತ್ತು?” ಎಂದು ಕೇಳಿದ. ನವಾಹೊ, ಹೋಪಿ ಮುಂತಾದ ಹದಿಮೂರು ಮೂಲನಿವಾಸಿ ಸಮುದಾಯಗಳಿಗೆ ಈ ಶಿಖರಗಳು ಪವಿತ್ರ. ಹೋಪಿಗಳ ಮಳೆ ತರುವ ಕಚಿನಾ ದೇವತೆಗಳು ಇಲ್ಲಿ ವಾಸಿಸುತ್ತಾರೆ. ನಾವು ಮಲಗಿದ ನೆಲದಲ್ಲಿ ಅವರು ಶತಮಾನಗಳಿಂದ ಗಿಡಮೂಲಿಕೆ ಆರಿಸಿದ್ದಾರೆ, ಪೂಜೆ ಮಾಡಿದ್ದಾರೆ. ಇದೇ ಬೆಟ್ಟದ ಇಳಿಜಾರಿನಲ್ಲಿ ಹಿಮಜಾರಾಟದ ತಾಣವೊಂದಿದೆ. ಶುದ್ಧೀಕರಿಸಿದ ಚರಂಡಿ ನೀರಿನಿಂದ ಅಲ್ಲಿ ಕೃತಕ ಹಿಮ ಮಾಡುವುದನ್ನು ತಡೆಯಲು ಆ ಸಮುದಾಯಗಳು ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತವು. ಅರಣ್ಯ ಸೇವೆ ನಿಂತದ್ದು ಅವರ ಎದುರಿಗೆ. ಇದನ್ನು ಕೇಳಿ ಅಪ್ಪ ಚಹಾದ ಲೋಟ ಕೆಳಗಿಟ್ಟ. ನಮ್ಮೂರಿನ ಚೌಡಿ ದೇವಿಯ ಬನದಲ್ಲಿ ಇವತ್ತಿಗೂ ಯಾರೂ ಸೊಪ್ಪು ಕೊಯ್ಯುವುದಿಲ್ಲ. “ಹಾಗಾದರೆ ಎಲ್ಲರ ಕಾಡು ಅಂತ ನೀನು ಹೇಳಿದ್ದು ಪೂರ್ತಿ ನಿಜವಲ್ಲ” ಎಂದ. ಅಲ್ಲ ಎಂದು ಒಪ್ಪಿದೆ.

ಹೊರಡುವ ಮೊದಲು ಬಯಲನ್ನೆಲ್ಲ ಸುತ್ತಿ ಬಾಟಲಿ ಮುಚ್ಚಳ, ಪ್ಲಾಸ್ಟಿಕ್ ಚೂರು, ತವರದ ಡಬ್ಬಿಗಳನ್ನು ಆರಿಸಿದೆವು. ಗಸ್ತಿನವಳು ಕೊಟ್ಟ ಚೀಲ ತುಂಬಿತು, ನಮ್ಮ ಕಸಕ್ಕಿಂತ ಹಿಂದಿನವರದ್ದೇ ಹೆಚ್ಚು. ಅಷ್ಟರಲ್ಲಿ ಒಂದು ಕುಟುಂಬ ಟ್ರೇಲರ್ ಎಳೆದುಕೊಂಡು ಬಂದು, ನೀವು ಹೊರಡುತ್ತಿದ್ದೀರಾ ಎಂದು ಕೇಳಿತು. ಹೌದು ಎಂದ ಕೂಡಲೇ ಅಪ್ಪ ಮುಂದೆ ಬಂದ. ಬನ್ನಿ ಎಂದು ಕೈಸನ್ನೆ ಮಾಡಿ ಗಂಡ ಹೆಂಡತಿ ಇಬ್ಬರನ್ನೂ ಬೊಡ್ಡೆಯ ಬಳಿಗೆ ಕರೆದೊಯ್ದ. ಒಲೆ, ಬೇರು, ಗುಂಡಿ ಎಲ್ಲ ತೋರಿಸಿ, “ನೋ ಮಣ್ಣು, ಓನ್ಲಿ ವಾಟರ್” ಎಂದ. ಉಳಿದದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆ ಮನುಷ್ಯ ಗುಂಡಿಯಲ್ಲಿ ಕೈಯಿಟ್ಟು ನೋಡಿದ. ಎಷ್ಟು ನೀರು ಬೇಕಾಯಿತು ಎಂದು ಅವನ ಹೆಂಡತಿ ಕೇಳಿದಳು. ನಾನು ಖಾಲಿ ಕ್ಯಾನು ಎತ್ತಿ ತೋರಿಸಿದೆ. ಅವರ ಬಳಿ ಅಂಥದ್ದು ಒಂದೇ ಇತ್ತು. ನಮ್ಮ ಎರಡನೆಯ ಕ್ಯಾನಿನಲ್ಲಿ ಉಳಿದಿದ್ದ ನೀರನ್ನು ಅವರ ಬಕೆಟ್ಟಿಗೆ ಸುರಿದುಕೊಟ್ಟು ಫ್ಲ್ಯಾಗ್‌ಸ್ಟಾಫ್ ಕಡೆ ಹೊರಟೆವು.